ಅಪಹರಣ: ಕಳೆದುಕೊಂಡವರು ಕಟ್ಟಿದ ಪದ

ಪತ್ರಿಕೆಯ ಜಿಲ್ಲಾ ಪುಟ ತೆರೆದರೆ ಒಂದೇ ದಿನ ಮೂರು ತಲೆಬರಹಗಳು ಕಾಣಸಿಗುವುದುಂಟು: ‘ಬೈಕಿನಲ್ಲಿ ಬಂದವರಿಂದ ಮಹಿಳೆಯ ಸರ ಅಪಹರಣ’, ‘ಬಾಲಕಿ ಅಪಹರಣ: ಯುವಕನ ಬಂಧನ’, ‘ಉದ್ಯಮಿಯನ್ನು ಅಪಹರಿಸಿ ಹಣಕ್ಕೆ ಬೇಡಿಕೆ’. ಮೊದಲನೆಯದರಲ್ಲಿ ಹೋದದ್ದು ಚಿನ್ನ. ಎರಡನೆಯದರಲ್ಲಿ ಹುಡುಗಿ ತಾನಾಗಿ ಬಸ್ಸು ಹತ್ತಿರಬಹುದು, ಇಲ್ಲವೇ ಮಾರಾಟಗಾರರ ಕೈಗೆ ಸಿಕ್ಕಿರಬಹುದು. ಮೂರನೆಯದರಲ್ಲಿ ಒಬ್ಬ ಮನುಷ್ಯನ ಜೀವವೇ ದುಡ್ಡಿನ ಚೌಕಾಶಿಗೆ ಬಿದ್ದಿದೆ. ಇಷ್ಟು ದೂರದೂರದ ಮೂರು ಸಂಗತಿಗಳಿಗೆ ನಾವು ಬಳಸುವ ಪದ ಮಾತ್ರ ಒಂದೇ.

ಈ ಪದಕ್ಕೆ ಇಷ್ಟೊಂದು ಹೊರೆ ಹೊರುವ ಶಕ್ತಿ ಬಂದದ್ದು ಹೇಗೆ? ಅದು ಕಳೆದುಕೊಂಡವರ ಕಡೆ ನಿಂತು ನೋಡುವುದರಿಂದ. ನನ್ನ ಸರ ಹೋಯಿತು, ನನ್ನ ಮಗಳು ಹೋದಳು, ನಮ್ಮ ಯಜಮಾನರನ್ನು ಒಯ್ದರು. ಯಾರ ವಶದಿಂದ ಯಾರ ವಶಕ್ಕೆ ಹೋಯಿತು ಎಂಬುದಷ್ಟೇ ಅದರ ಲೆಕ್ಕ. ಒಯ್ಯಲ್ಪಟ್ಟವರು ಏನೆಂದರು ಎಂಬ ಪ್ರಶ್ನೆ ಆ ಪದದೊಳಗೆ ಇಲ್ಲ. ಕಾವ್ಯದಲ್ಲಿ, ಶಾಸನದಲ್ಲಿ, ನ್ಯಾಯಾಲಯದಲ್ಲಿ ಆ ಪ್ರಶ್ನೆ ಮತ್ತೆ ಮತ್ತೆ ಎದ್ದು ನಿಂತಿದೆ. ಪದದ ನಿಜವಾದ ಚರಿತ್ರೆ ಇರುವುದು ಅಲ್ಲಿ.

ಧಾತು ಒಂದು, ದಾರಿ ಹಲವು

ಸಂಸ್ಕೃತದ ‘ಹೃ’ ಧಾತುವಿಗೆ ಒಯ್ಯು, ಹೊರು, ಕಸಿದುಕೊಳ್ಳು ಎಂಬ ಅರ್ಥಗಳಿವೆ. ಅದರ ಹಿಂದೆ ‘ಅಪ’ ಸೇರಿದರೆ ಇದ್ದ ಜಾಗದಿಂದ ಆಚೆಗೆ ಒಯ್ಯುವುದು, ಅಪಹರಣ. ಇದೇ ಧಾತುವಿನಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ವ್ಯವಹಾರ, ಪರಿಹಾರ ಎಲ್ಲವೂ ಹುಟ್ಟಿವೆ. ಸಂಸ್ಕೃತ ಓದಿದವರಿಗೆ ಒಂದು ಹಳೆಯ ಸೂಕ್ತಿ ಪರಿಚಿತ. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಒಯ್ಯುತ್ತದೆ ಎಂದು ಹೇಳುವ ಆ ಸೂಕ್ತಿ, ಉದಾಹರಣೆಗೆ ಎತ್ತಿಕೊಳ್ಳುವುದು ಇದೇ ಧಾತುವಿನ ಪದಗಳನ್ನು. ಅರ್ಥವನ್ನೇ ಹೊತ್ತೊಯ್ಯುವ ಕ್ರಿಯೆಯನ್ನು ವಿವರಿಸಲು ವೈಯಾಕರಣರಿಗೆ ಹೊತ್ತೊಯ್ಯುವ ಧಾತುವೇ ಒದಗಿತು.

ಕನ್ನಡದಲ್ಲಿ ‘ಹರಣ’ ಬಿಡಿಯಾಗಿಯೂ ಬದುಕಿದೆ. ಕಾಲಹರಣ ಮಾಡುತ್ತೇವೆ, ಮಾನಹರಣವಾಯಿತು ಎನ್ನುತ್ತೇವೆ. ಮನಸ್ಸನ್ನು ಕದಿಯುವುದು ಮನೋಹರ. ದ್ರೌಪದಿಯ ಸೀರೆಗೆ ಕೈ ಹಾಕಿದ್ದು ವಸ್ತ್ರಾಪಹರಣ. ವಿಮಾನವನ್ನು ಪ್ರಯಾಣಿಕರ ಸಮೇತ ಕಂದಹಾರಕ್ಕೆ ಒಯ್ದಾಗ, 1999ರ ಡಿಸೆಂಬರ್‌ನಲ್ಲಿ, ನಮ್ಮ ಪತ್ರಿಕೆಗಳಿಗೆ ‘ವಿಮಾನ ಅಪಹರಣ’ ಎನ್ನಲು ತಡವಾಗಲಿಲ್ಲ. ವಸ್ತು, ಮಾನ, ಮನುಷ್ಯ, ವಿಮಾನ ಎಲ್ಲಕ್ಕೂ ಪದ ಹೊಂದಿಕೊಂಡಿತು.

ಆಡುಮಾತು ಮಾತ್ರ ಇಷ್ಟು ಉದಾರಿಯಲ್ಲ. ಅದು ಗೆರೆ ಎಳೆದು ಹೇಳುತ್ತದೆ. ಬಲವಂತ ಇದ್ದರೆ ‘ಹೊತ್ಕೊಂಡು ಹೋದ್ರು’, ‘ಎತ್ತಾಕ್ಕೊಂಡು ಹೋದ್ರು’. ಹುಡುಗ ಹುಡುಗಿ ಇಬ್ಬರಿಗೂ ಮನಸ್ಸಿದ್ದರೆ ‘ಓಡಿಹೋದ್ರು’. ಹುಡುಗಿಯ ಮನೆಯವರು ಅದನ್ನೇ ‘ಓಡಿಸ್ಕೊಂಡು ಹೋದ’ ಎಂದು ತಿದ್ದುತ್ತಾರೆ. ಒಂದೇ ಒಂದು ಪ್ರತ್ಯಯ ಸೇರಿದ್ದಕ್ಕೆ ಹುಡುಗಿಯ ಕಾಲಿನ ಓಟ ಹುಡುಗನ ಕೈಯ ಕೆಲಸವಾಗಿಬಿಡುತ್ತದೆ.

ಕಲ್ಲಿನ ಮೇಲೆ ಕೇಳಿಸುವ ಕೂಗು

ನಮ್ಮ ಊರಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಹನುಮಂತರಾಯನ ಗುಡಿಯ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳನ್ನು ಹತ್ತಿರದಿಂದ ನೋಡಬೇಕು. ಸಾಮಾನ್ಯವಾಗಿ ಮೂರು ಹಂತ. ಮೇಲೆ ಲಿಂಗ, ನಂದಿ ಇರುವ ಕೈಲಾಸ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಕೆಳಗೆ ಕಾಳಗ. ಆ ಕೆಳಹಂತದ ಮೂಲೆಯಲ್ಲಿ ಎಷ್ಟೋ ಕಲ್ಲುಗಳಲ್ಲಿ ಒಂದರ ಹಿಂದೊಂದು ನಿಂತ ದನಗಳ ಸಾಲಿರುತ್ತದೆ. ಬಿಲ್ಲು ಹಿಡಿದವನು, ಕತ್ತಿ ಹಿಡಿದವನು, ಅವರ ನಡುವೆ ಕೊಂಬು ಚಾಚಿದ ಹಸುಗಳು. ಪಕ್ಕದ ಊರಿನವರು ದನ ಹೊಡೆದುಕೊಂಡು ಹೋಗುತ್ತಿದ್ದಾಗ ತಡೆಯಲು ಹೋಗಿ ಸತ್ತವನ ಕಲ್ಲು ಅದು. ಶಾಸನದ ಭಾಷೆಯಲ್ಲಿ ಈ ಕೃತ್ಯ ‘ತುರುಗೊಳ್’. ತುರು ಎಂದರೆ ದನ, ಕೊಳ್ ಎಂದರೆ ವಶಪಡಿಸಿಕೊಳ್ಳುವುದು. ದನಗಳನ್ನು ಹಿಂದಿರುಗಿಸಿದ ಸಾಧನೆಗೆ ‘ತುರುವಂ ಮಗುಳ್ಚಿ’ ಎಂಬ ಮಾತು ಬರುತ್ತದೆ.

ಅದೇ ಶಾಸನಗಳಲ್ಲಿ ಇನ್ನೊಂದು ಪದವಿದೆ, ‘ಪೆಣ್ಬುಯ್ಯಲ್’. ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ, ಅವರನ್ನು ಹಿಡಿದೊಯ್ಯಲು ಬಂದಾಗ ನಡೆದ ಹೋರಾಟಕ್ಕೆ ಈ ಹೆಸರು. ಪುಯ್ಯಲ್ ಎಂದರೆ ಕೂಗು, ಮೊರೆ. ನಾವು ಇಂದು ಹುಯಿಲೆಬ್ಬಿಸು ಎನ್ನುವಾಗ ಉಳಿದಿರುವುದು ಅದೇ. ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ದನವನ್ನು ಒಯ್ದಾಗ ಪದ ಹುಟ್ಟಿದ್ದು ಒಯ್ದವನ ಕೈಯಿಂದ. ಹೆಣ್ಣನ್ನು ಒಯ್ಯಲು ಬಂದಾಗ ಪದ ಹುಟ್ಟಿದ್ದು ಅವಳ ಕೂಗಿನಿಂದ. ಸಾವಿರ ವರ್ಷದ ಹಿಂದಿನ ಹಳ್ಳಿಗರು ಹೆಣ್ಣನ್ನು ಸಮಾನಳೆಂದು ಕಂಡಿದ್ದರು ಎಂದು ಇದರಿಂದ ಸಾಧಿಸಲು ಹೋಗಬಾರದು. ಊರಿನ ಹೆಣ್ಣು, ಊರಿನ ದನ ಎರಡೂ ಊರಿನ ಮಾನ ಎಂಬ ಭಾವವೇ ಅಲ್ಲಿದೆ. ಆದರೂ ‘ಅಪಹರಣ’ದಲ್ಲಿ ಕೇಳದ ಒಂದು ದನಿ ‘ಪೆಣ್ಬುಯ್ಯಲ್’ನಲ್ಲಿ ಕೇಳಿಸುತ್ತದೆ. ಒಯ್ಯಲ್ಪಡುವವಳು ಬೇಡ ಎಂದು ಕೂಗಿದ್ದಾಳೆ ಎಂಬುದನ್ನು ಆ ಪದ ದಾಖಲಿಸಿದೆ.

ಅಂಬೆಯ ತಡವಾದ ಮಾತು

ಪುರಾಣಗಳಲ್ಲಿ ಹರಣದ ಕಥೆಗಳು ಒಂದೆರಡಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಪ್ಪಾಗುತ್ತದೆ.

ರುಕ್ಮಿಣಿಯನ್ನು ಅಣ್ಣ ರುಕ್ಮಿ ಶಿಶುಪಾಲನಿಗೆ ಕೊಡಲು ನಿಶ್ಚಯಿಸಿದಾಗ ಆಕೆ ಬ್ರಾಹ್ಮಣನೊಬ್ಬನ ಕೈಲಿ ಕೃಷ್ಣನಿಗೆ ಓಲೆ ಕಳಿಸುತ್ತಾಳೆ. ಮದುವೆಯ ಹಿಂದಿನ ದಿನ ದೇವಿಯ ಗುಡಿಗೆ ಬರುವೆ, ಅಲ್ಲಿಂದ ಕರೆದೊಯ್ಯಿ ಎಂದು ಜಾಗವನ್ನೂ ಹೊತ್ತನ್ನೂ ಸೂಚಿಸುವವಳು ಅವಳೇ. ರುಕ್ಮಿಯ ಪಾಲಿಗೆ ಅದು ಅಪಹರಣ. ರುಕ್ಮಿಣಿಯ ಪಾಲಿಗೆ ಬಿಡುಗಡೆ. ಸುಭದ್ರೆಯ ವಿಷಯದಲ್ಲಿ ಅರ್ಜುನನಿಗೆ ಹೊತ್ತೊಯ್ಯುವ ಸಲಹೆ ಕೊಟ್ಟವನು ಆಕೆಯ ಅಣ್ಣ ಕೃಷ್ಣನೇ. ಬಲರಾಮ ಸಿಟ್ಟಾದ, ಆಮೇಲೆ ಸಮಾಧಾನಗೊಂಡ. ಮೂಲ ಭಾರತದಲ್ಲಿ ‘ಸುಭದ್ರಾಹರಣ’ ಪರ್ವದ ಬೆನ್ನಿಗೆ ಬರುವ ಉಪಪರ್ವದ ಹೆಸರು ‘ಹರಣಾಹರಣ’. ಅಲ್ಲಿ ‘ಹರಣ’ ಎಂದರೆ ಮದುಮಗಳಿಗೆ ತವರಿನವರು ಕೊಡುವ ಬಳುವಳಿ. ಮೊದಲು ಹೆಣ್ಣನ್ನು ಒಯ್ದದ್ದು ಹರಣ, ಆಮೇಲೆ ಅವಳ ಹಿಂದೆ ಆನೆ, ಕುದುರೆ, ಹೊನ್ನು ಹೊತ್ತು ತಂದದ್ದೂ ಹರಣ. ಮನೆತನಗಳು ರಾಜಿಯಾದ ಕೂಡಲೇ ಅಪರಾಧದ ಪದ ಉಡುಗೊರೆಯ ಪದವಾಯಿತು.

ಉಷೆಯ ಕಥೆ ಇನ್ನೂ ಸ್ಪಷ್ಟ. ಕನಸಿನಲ್ಲಿ ಕಂಡ ಅನಿರುದ್ಧನಿಗಾಗಿ ಉಷೆ ಹಂಬಲಿಸುತ್ತಾಳೆ. ಸಖಿ ಚಿತ್ರಲೇಖೆ ದ್ವಾರಕೆಗೆ ಹೋಗಿ ಮಲಗಿದ್ದ ಅನಿರುದ್ಧನನ್ನು ಹೊತ್ತು ತರುತ್ತಾಳೆ. ಇಲ್ಲಿ ಹೊತ್ತೊಯ್ಯಲ್ಪಟ್ಟವನು ಗಂಡು. ಕರಾವಳಿಯ ತ್ರಿವಿಕ್ರಮ ಪಂಡಿತಾಚಾರ್ಯರು ಈ ಕಥೆಯನ್ನು ಸಂಸ್ಕೃತದಲ್ಲಿ ಬರೆದಾಗ ಕಾವ್ಯದ ಹೆಸರು ‘ಉಷಾಹರಣ’ ಎಂದೇ ಆಯಿತು. ಹರಣವೆಂದರೆ ಹೆಣ್ಣಿನದೇ ಎಂಬ ರೂಢಿ ಅಷ್ಟು ಗಟ್ಟಿ.

ಈ ಸಾಲಿನಲ್ಲಿ ನನ್ನನ್ನು ಹೆಚ್ಚು ಕಾಡುವವಳು ಅಂಬೆ. ಕಾಶಿರಾಜನ ಮೂವರು ಹೆಣ್ಣುಮಕ್ಕಳನ್ನು ಭೀಷ್ಮ ಸ್ವಯಂವರದ ಮಂಟಪದಿಂದಲೇ ರಥಕ್ಕೇರಿಸಿದ. ಕ್ಷತ್ರಿಯರಿಗೆ ಇದು ಒಪ್ಪಿತ ಎಂದು ಸಾರಿದ. ಮನುಸ್ಮೃತಿ ಎಣಿಸುವ ಎಂಟು ವಿವಾಹಗಳಲ್ಲಿ ‘ರಾಕ್ಷಸ’ವೂ ಒಂದು. ಅಡ್ಡಬಂದವರನ್ನು ಕೊಂದು, ಮನೆ ಒಡೆದು, ಕೂಗುತ್ತ ಅಳುತ್ತ ಇರುವ ಕನ್ಯೆಯನ್ನು ಬಲವಂತದಿಂದ ಒಯ್ಯುವುದೇ ಅದರ ಲಕ್ಷಣ. ಅವಳ ಅಳುವೂ ಆ ಲಕ್ಷಣದೊಳಗೇ ಸೇರಿಹೋಗಿದೆ. ಹಸ್ತಿನಾವತಿಗೆ ಬಂದ ಮೇಲೆ ಅಂಬೆ ಬಾಯಿ ಬಿಟ್ಟಳು. ತಾನು ಸಾಲ್ವನಿಗೆ ಮನಸ್ಸು ಕೊಟ್ಟವಳು ಎಂದಳು. ಭೀಷ್ಮ ಕಳಿಸಿಕೊಟ್ಟ. ಗೆದ್ದವನ ರಥವೇರಿದ ಹೆಣ್ಣು ಬೇಡ ಎಂದು ಸಾಲ್ವ ತಿರಸ್ಕರಿಸಿದ. ರಥ ಹೊರಡುವ ಮೊದಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ಒಂದು ಪ್ರಶ್ನೆ ಕೇಳದೆ ಹೋದದ್ದಕ್ಕೆ ಭೀಷ್ಮ ಕುರುಕ್ಷೇತ್ರದಲ್ಲಿ, ಅಂಬೆಯೇ ಮರುಹುಟ್ಟು ಪಡೆದು ಬಂದ ಶಿಖಂಡಿಯ ಎದುರು ಬೆಲೆ ತೆತ್ತ.

ಸೀತೆಯದು ಅನುಮಾನಕ್ಕೆ ಎಡೆಯೇ ಇಲ್ಲದ ಅಪಹರಣ. ಅಲ್ಲಿ ವೇಷದ ಮೋಸವಿದೆ, ಬಲಾತ್ಕಾರವಿದೆ, ಬೆದರಿಕೆಯಿದೆ. ಆದರೆ ಸೀತೆ ಸುಮ್ಮನೆ ಒಯ್ಯಲ್ಪಟ್ಟವಳಲ್ಲ. ದಾರಿಯಲ್ಲಿ ಬೆಟ್ಟದ ಮೇಲೆ ವಾನರರನ್ನು ಕಂಡು ಒಡವೆಗಳನ್ನು ಬಟ್ಟೆಯಲ್ಲಿ ಕಟ್ಟಿ ಕೆಳಗೆ ಎಸೆದಳು. ಹಂಪಿಯಲ್ಲಿ ತುಂಗಭದ್ರೆಯ ದಡ ಹಿಡಿದು ವಿಠ್ಠಲ ದೇವಸ್ಥಾನದತ್ತ ನಡೆದರೆ ಸುಗ್ರೀವನ ಗುಹೆ ಎಂದು ಜನ ತೋರಿಸುವ ಜಾಗವಿದೆ. ಬಂಡೆಯ ಮೇಲೆ ಉದ್ದಕ್ಕೆ ಹರಿದಿರುವ ಬಿಳಿಯ ಗೆರೆಗಳನ್ನು ಸೀತೆಯ ಸೆರಗಿನ ಗುರುತು ಎನ್ನುತ್ತಾರೆ. ಒಯ್ಯಲ್ಪಟ್ಟವಳು ಬಿಟ್ಟುಹೋದ ಸುಳಿವಿಗೆ ಜನ ಕೊಟ್ಟ ಬೆಲೆ ಅದು.

ಠಾಣೆಯ ಕನ್ನಡ, ಕಾಯ್ದೆಯ ಲೆಕ್ಕ

ಪೊಲೀಸ್ ಠಾಣೆಯ ದೂರಿನಲ್ಲಿ ಒಂದು ಸಿದ್ಧ ವಾಕ್ಯವಿರುತ್ತದೆ: ‘ನನ್ನ ಮಗಳನ್ನು ಯಾರೋ ಪುಸಲಾಯಿಸಿ ಅಪಹರಣ ಮಾಡಿಕೊಂಡು ಹೋಗಿರುತ್ತಾರೆ, ಪತ್ತೆ ಮಾಡಿಕೊಡಬೇಕಾಗಿ ಕೋರಿಕೆ’. ಈ ವಾಕ್ಯದಲ್ಲಿ ಅತಿ ಮುಖ್ಯ ಪದ ‘ಪುಸಲಾಯಿಸಿ’. ಕಾನೂನಿನ ಅರ್ಧ ಭಾರ ನಿಂತಿರುವುದು ಅದರ ಮೇಲೆ.

1860ರ ದಂಡಸಂಹಿತೆ ಎರಡು ಬೇರೆ ಅಪರಾಧಗಳನ್ನು ಗುರುತಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ವಿಭಜನೆಯನ್ನು 137 ಮತ್ತು 138ನೇ ಕಲಂಗಳಲ್ಲಿ ಉಳಿಸಿಕೊಂಡಿದೆ. ಮೊದಲನೆಯದು ‘ಕಿಡ್ನ್ಯಾಪಿಂಗ್’. ಮಗುವನ್ನು ಅಥವಾ ಬುದ್ಧಿ ಸ್ವಾಧೀನದಲ್ಲಿಲ್ಲದವರನ್ನು ಕಾನೂನುಬದ್ಧ ಪೋಷಕರ ಒಪ್ಪಿಗೆಯಿಲ್ಲದೆ ಅವರ ರಕ್ಷಣೆಯಿಂದ ಕರೆದೊಯ್ಯುವುದು, ಇಲ್ಲವೇ ಯಾರನ್ನಾದರೂ ಒಪ್ಪಿಗೆಯಿಲ್ಲದೆ ದೇಶದ ಗಡಿ ದಾಟಿಸುವುದು. ಇದಕ್ಕೆ 7 ವರ್ಷದವರೆಗೆ ಸಜೆ. ಹಿಂದೆ ಹುಡುಗರಿಗೆ 16, ಹುಡುಗಿಯರಿಗೆ 18 ಎಂದಿದ್ದ ವಯಸ್ಸು ಈಗ ಇಬ್ಬರಿಗೂ 18. ಎರಡನೆಯದು ‘ಅಬ್ಡಕ್ಷನ್’. ಯಾವುದೇ ವಯಸ್ಸಿನವರನ್ನು ಬಲದಿಂದ ಅಥವಾ ಮೋಸದಿಂದ ಇದ್ದಲ್ಲಿಂದ ಹೊರಡಿಸುವುದು. ಇದಕ್ಕೆ ತಾನೇ ತಾನಾಗಿ ಶಿಕ್ಷೆಯಿಲ್ಲ. ಕೊಲೆ, ಒತ್ತೆಹಣ, ಗುಪ್ತ ಬಂಧನ, ಬಲವಂತದ ಮದುವೆ ಇಂಥ ಉದ್ದೇಶ ಸೇರಿದಾಗ ಶಿಕ್ಷೆ ಬರುತ್ತದೆ. ಹಳೆಯ ಸಂಹಿತೆಯ ಹಿಂದಿ ಪಠ್ಯದಲ್ಲಿ ಮೊದಲನೆಯದಕ್ಕೆ ‘ವ್ಯಪಹರಣ’, ಎರಡನೆಯದಕ್ಕೆ ‘ಅಪಹರಣ’ ಎಂದು ಬೇರೆ ಪದಗಳಿದ್ದವು. ಕನ್ನಡದ ಸುದ್ದಿಭಾಷೆಯಲ್ಲಿ ಎರಡೂ ಅಪಹರಣವೇ.

ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದರಲ್ಲಿ ಅಪರಾಧ ನಡೆಯುವುದು ಪೋಷಕರ ಹಕ್ಕಿನ ವಿರುದ್ಧ. ಮಗು ಬರುತ್ತೇನೆ ಎಂದರೂ ಅದು ಲೆಕ್ಕಕ್ಕಿಲ್ಲ. ಎರಡನೆಯದರಲ್ಲಿ ಅಪರಾಧ ನಡೆಯುವುದು ಒಯ್ಯಲ್ಪಟ್ಟವರ ಇಚ್ಛೆಯ ವಿರುದ್ಧ. ಮಗುವಿನ ‘ಹ್ಞೂಂ’ ಅನ್ನು ಕಾನೂನು ಒಪ್ಪದಿರುವುದಕ್ಕೆ ಬಲವಾದ ಕಾರಣವಿದೆ. ಮಕ್ಕಳನ್ನು ಮಾರುವವರು ಎಳೆದೊಯ್ಯುವುದು ಕಡಿಮೆ, ಪುಸಲಾಯಿಸುವುದೇ ಹೆಚ್ಚು. ಕೆಲಸ ಕೊಡಿಸುತ್ತೇನೆ, ಸಿನಿಮಾ ತೋರಿಸುತ್ತೇನೆ, ಮದುವೆಯಾಗುತ್ತೇನೆ ಎಂಬ ಮಾತಿನ ಹಿಂದೆ ನಗುನಗುತ್ತಲೇ ಮಗು ಹೋಗಿಬಿಡುತ್ತದೆ.

ಆದರೆ ಆ ಕಟ್ಟುನಿಟ್ಟಿಗೂ ಒಂದು ಅಂಚಿದೆ. 1960ರ ಅಕ್ಟೋಬರ್‌ನಲ್ಲಿ ಮದರಾಸಿನಲ್ಲಿ ನಡೆದ ಪ್ರಕರಣ ಅದನ್ನು ತೋರಿಸಿತು. ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಹುಡುಗಿಗೆ 18 ತುಂಬಲು ಇನ್ನು ಕೆಲವೇ ವಾರ. ಪ್ರೀತಿಯ ವಿಷಯ ತಿಳಿದ ತಂದೆ ಆಕೆಯನ್ನು ನೆಂಟರ ಮನೆಯಲ್ಲಿ ಬಿಟ್ಟಿದ್ದರು. ಅವಳೇ ಹುಡುಗನಿಗೆ ಫೋನ್ ಮಾಡಿ, ಇಂಥ ರಸ್ತೆಗೆ ಬಾ ಎಂದು ಹೇಳಿ, ತಾನೇ ನಡೆದು ಹೋಗಿ ಕಾರು ಹತ್ತಿದಳು. ಇಬ್ಬರೂ ಮದುವೆಯ ಕರಾರನ್ನು ನೋಂದಾಯಿಸಿದರು. ಹುಡುಗನಿಗೆ ಶಿಕ್ಷೆಯಾಯಿತು. ವರದರಾಜನ್ ವಿರುದ್ಧ ಮದರಾಸು ರಾಜ್ಯ ಎಂಬ ಹೆಸರಿನ ಆ ಪ್ರಕರಣದಲ್ಲಿ 1964ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಕರೆದೊಯ್ಯುವುದು ಬೇರೆ, ಜೊತೆಗೆ ಬರಲು ಬಿಡುವುದು ಬೇರೆ ಎಂದು ಅದು ಹೇಳಿತು. ತಿಳಿವಳಿಕೆ ಇರುವ ಹುಡುಗಿ ಯಾವ ಪ್ರೇರಣೆಯೂ ಇಲ್ಲದೆ ತಾನಾಗಿ ಮನೆ ಬಿಟ್ಟಿದ್ದರೆ, ಒಯ್ದ ಎನ್ನಲು ಆಧಾರವಿಲ್ಲ. ಅಂಬೆಗೆ ಸಿಗದ ಪ್ರಶ್ನೆ ಆ ಹುಡುಗಿಗೆ ಸಿಕ್ಕಿತು.

ಇಂದಿಗೂ ಈ ಅಂಚಿನಲ್ಲಿ ಬಹಳ ಸಂಕಟವಿದೆ. 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ ಹದಿನಾರು, ಹದಿನೇಳರ ಹುಡುಗಿ ಪ್ರೀತಿಸಿದವನ ಜೊತೆ ಹೋದರೆ ಅಪಹರಣದ ಜೊತೆ ಅತ್ಯಾಚಾರದ ಕಲಮೂ ಸೇರುತ್ತದೆ. ಇಂಥ ಪ್ರಕರಣವೊಂದನ್ನು ವಿಚಾರಿಸಿದ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತನೆ ನಡೆಸುವಂತೆ 2022ರ ನವೆಂಬರ್‌ನಲ್ಲಿ ಕಾನೂನು ಆಯೋಗಕ್ಕೆ ಹೇಳಿತು. ಮರುವರ್ಷ ವರದಿ ಕೊಟ್ಟ ಆಯೋಗ ವಯಸ್ಸನ್ನು ಇಳಿಸಬಾರದೆಂದಿತು. ಹದಿನಾರರಿಂದ ಹದಿನೆಂಟರ ನಡುವಿನವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆಯ ಅವಕಾಶವಿರಲಿ ಎಂದು ಸಲಹೆ ಮಾಡಿತು.

ಅಂಕಿ ಓದುವಾಗಲೂ ಇದು ನೆನಪಿರಬೇಕು. ಮಗು ಕಾಣೆಯಾಗಿದೆ ಎಂಬ ದೂರು ಬಂದರೆ ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕು ಎಂದು 2013ರ ಮೇ 10ರಂದು, ಬಚಪನ್ ಬಚಾವೋ ಆಂದೋಲನ ಹೂಡಿದ್ದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಆದೇಶಿಸಿತು. ‘ಎಲ್ಲೋ ಹೋಗಿರ್ತಾನೆ, ಬರ್ತಾನೆ ಬಿಡಿ’ ಎಂದು ಬಡ ತಾಯಿತಂದೆಯರನ್ನು ಠಾಣೆಯಿಂದ ವಾಪಸು ಕಳಿಸುವ ಚಾಳಿಗೆ ಕಡಿವಾಣ ಹಾಕಿದ ಒಳ್ಳೆಯ ಆದೇಶವಿದು. 2022ರಲ್ಲಿ ದೇಶದಾದ್ಯಂತ ಅಪಹರಣದ ಪ್ರಕರಣಗಳು 1 ಲಕ್ಷ ದಾಟಿದ್ದವು ಎಂಬ ಅಂಕಿಯೊಳಗೆ ಮನೆ ಬಿಟ್ಟ ಮಕ್ಕಳು, ಪ್ರೀತಿಸಿ ಹೋದವರು, ಮಾರಾಟವಾದವರು ಎಲ್ಲರೂ ಇದ್ದಾರೆ. ಸಂಖ್ಯೆ ಕಂಡು ಹೆದರುವ ಮೊದಲು ಒಳಗೆ ಯಾರ್‍ಯಾರಿದ್ದಾರೆ ಎಂದು ವಿಂಗಡಿಸಿ ನೋಡಬೇಕು.

ಒತ್ತೆಯಾಗುವ ಜೀವ

ಅಪಹರಣದ ಪಕ್ಕದಲ್ಲೇ ಕನ್ನಡದ ಇನ್ನೊಂದು ಗಟ್ಟಿ ಪದವಿದೆ, ಒತ್ತೆಯಾಳು. ಒತ್ತೆ ಎಂದರೆ ಅಡವು, ಗಿರವಿ. ಸಾಲ ತೀರಿದರೆ ಬಿಡಿಸಿಕೊಳ್ಳಬಹುದಾದ ವಸ್ತು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿ, ಹಣ ಸಲ್ಲುವವರೆಗೆ ಎಳೆಯ ಇಬ್ಬರು ಗಂಡುಮಕ್ಕಳನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ವಶಕ್ಕೆ ಕೊಟ್ಟ. ಅವರು ಮದರಾಸಿನಲ್ಲಿದ್ದು 1794ರಲ್ಲಿ ತಂದೆಯ ಬಳಿಗೆ ಮರಳಿದರು. ಯಾರೂ ಅದನ್ನು ಅಪಹರಣ ಎನ್ನಲಿಲ್ಲ. ತಂದೆಯ ಒಪ್ಪಿಗೆಯಿತ್ತು, ಕರಾರಿತ್ತು, ಕುಶಾಲು ತೋಪುಗಳ ಮರ್ಯಾದೆಯಿತ್ತು. ಮಕ್ಕಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅಪಹರಣವೂ ಒತ್ತೆಯೂ ಒಂದಾದಾಗ ಏನಾಗುತ್ತದೆಂಬುದು ಕನ್ನಡಿಗರಿಗೆ 2000ದ ಜುಲೈ 30ರ ರಾತ್ರಿ ತಿಳಿಯಿತು. ತಾಳವಾಡಿ ಸಮೀಪದ ದೊಡ್ಡ ಗಾಜನೂರಿನ ಮನೆಯಿಂದ ಗಂಧದ ಕಳ್ಳಸಾಗಣೆದಾರ ವೀರಪ್ಪನ್ ನಟ ಡಾ. ರಾಜ್‌ಕುಮಾರ್ ಅವರನ್ನು, ಜೊತೆಗೆ ಅಳಿಯ ಗೋವಿಂದರಾಜು ಹಾಗೂ ಇನ್ನಿಬ್ಬರನ್ನು ಕಾಡಿಗೆ ಒಯ್ದ. ನವೆಂಬರ್ 15ರಂದು ಬಿಡುಗಡೆಯಾಗುವವರೆಗೆ 108 ದಿನ ಎರಡು ರಾಜ್ಯಗಳ ಸರ್ಕಾರಗಳು ಕಾಡಿನ ಮಾತಿಗೆ ಕಾದು ಕೂತವು. ಟಾಡಾ ಕೈದಿಗಳ ಬಿಡುಗಡೆ, ಕಾವೇರಿ ನೀರು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಬೇಡಿಕೆಯ ಪಟ್ಟಿಯಲ್ಲಿದ್ದವು. ವೀರಪ್ಪನ್ ಕೈಯಲ್ಲಿ ಮಡಿದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಒಬ್ಬರ ಜೀವಕ್ಕಾಗಿ ಕೈದಿಗಳನ್ನು ಬಿಟ್ಟರೆ ತನ್ನ ಮಗನ ಸಾವಿಗೆ ನ್ಯಾಯವೆಲ್ಲಿ ಎಂಬ ನೋವು ಅದರ ಹಿಂದಿತ್ತು. ಆ ಬಿಡುಗಡೆಗೆ ಕೋರ್ಟ್ ಒಪ್ಪಲಿಲ್ಲ. ಎರಡು ವರ್ಷದ ನಂತರ, 2002ರ ಆಗಸ್ಟ್ 25ರಂದು, ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯಿಂದ ಒಯ್ದಾಗ ಅಂತ್ಯ ಬೇರೆಯಾಯಿತು. ಡಿಸೆಂಬರ್‌ನಲ್ಲಿ ಕಾಡಿನಲ್ಲಿ ಸಿಕ್ಕಿದ್ದು ಅವರ ಶವ.

ಆ ದಿನಗಳಲ್ಲಿ ಗಡಿಯ ಎರಡು ಬದಿಯ ಪತ್ರಿಕೆಗಳ ಭಾಷೆ ಗಮನಿಸಬೇಕಾದದ್ದು. ತಮಿಳಿನಲ್ಲಿ ‘ಕಡತ್ತಲ್’ ಎಂಬ ಒಂದೇ ಪದ ಕಳ್ಳಸಾಗಣೆಗೂ ಅಪಹರಣಕ್ಕೂ ಆಗುತ್ತದೆ. ಗಂಧ ಸಾಗಿಸಿದ್ದೂ ಕಡತ್ತಲ್, ನಟನನ್ನು ಒಯ್ದದ್ದೂ ಕಡತ್ತಲ್. ಕನ್ನಡದಲ್ಲಿ ಮರ ಕದ್ದರೆ ಕಳ್ಳಸಾಗಣೆ, ಮನುಷ್ಯನನ್ನು ಒಯ್ದರೆ ಅಪಹರಣ. ಒತ್ತೆಹಣಕ್ಕಾಗಿ ಅಪಹರಿಸಿ ಜೀವಬೆದರಿಕೆ ಒಡ್ಡುವುದನ್ನು 1993ರಲ್ಲಿ ಪ್ರತ್ಯೇಕ ಕಲಂ ಆಗಿ ಸೇರಿಸಿದಾಗ ಕಾನೂನು ಅದಕ್ಕೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಗೊತ್ತುಮಾಡಿತು. ಮನುಷ್ಯನನ್ನು ಅಡವಿನ ವಸ್ತು ಮಾಡುವುದೇ ಈ ಅಪರಾಧದ ಅತಿ ಘೋರ ಮುಖ ಎಂಬ ಅರಿವು ಅದರಲ್ಲಿದೆ.

ತವರಿಗೆ ಬಂದ ಮಗು

ಹೊರದೇಶದಲ್ಲಿರುವ ಕನ್ನಡ ಕುಟುಂಬಗಳಲ್ಲಿ ಈ ಪದ ಈಗ ಹೊಸ ರೂಪದಲ್ಲಿ ಬಾಗಿಲು ತಟ್ಟುತ್ತಿದೆ. ಗಂಡ ಹೆಂಡಿರ ನಡುವೆ ಬಿರುಕು. ತಾಯಿ ಮಗುವನ್ನು ಕರೆದುಕೊಂಡು ಅಮೆರಿಕದಿಂದ ಬೆಂಗಳೂರಿಗೆ ಬರುತ್ತಾಳೆ. ಇಲ್ಲಿನ ನೆಂಟರ ಬಾಯಲ್ಲಿ ಅದು ‘ತವರಿಗೆ ಬಂದಿದ್ದಾಳೆ’. ಅಲ್ಲಿನ ಕಾನೂನಿನಲ್ಲಿ ಅದು ಅಪಹರಣವಾಗಬಹುದು. ತಂದೆತಾಯಿಯರೇ ಮಗುವನ್ನು ದೇಶದಾಚೆ ಒಯ್ಯುವುದನ್ನು ಅಪರಾಧ ಮಾಡುವ ಕಾಯ್ದೆಯನ್ನು ಅಮೆರಿಕ 1993ರಲ್ಲೇ ತಂದಿದೆ. ಇಂಥ ಮಕ್ಕಳನ್ನು ಮೂಲ ದೇಶಕ್ಕೆ ಮರಳಿಸುವ 1980ರ ಹೇಗ್ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ವಿದೇಶಿ ಕೋರ್ಟಿನ ಆದೇಶ ಪರಿಗಣಿಸಬೇಕಾದ ಸಂಗತಿಗಳಲ್ಲಿ ಒಂದು ಮಾತ್ರ, ಎಲ್ಲಕ್ಕಿಂತ ಮಿಗಿಲು ಮಗುವಿನ ಹಿತ ಎಂದು ನಮ್ಮ ಸುಪ್ರೀಂ ಕೋರ್ಟ್ 2017ರಲ್ಲಿ ಸ್ಪಷ್ಟಪಡಿಸಿತು. ಹಿಂಸೆಯಿಂದ ತಪ್ಪಿಸಿಕೊಂಡು ಬಂದ ತಾಯಿಗೆ ಇದು ಆಸರೆ. ಕಾರಣವಿಲ್ಲದೆ ಮಗುವನ್ನು ಕಳೆದುಕೊಂಡ ತಂದೆಗೆ ಇದು ವರ್ಷಗಟ್ಟಲೆ ಕಾಯುವ ಶಿಕ್ಷೆ. ಇಬ್ಬರೂ ‘ನನ್ನ ಮಗು’ ಎಂದೇ ಹೋರಾಡುತ್ತಾರೆ. ಮಗುವನ್ನು ಪ್ರತ್ಯೇಕ ಕೂರಿಸಿ ಮಾತಾಡಿಸುವ ನ್ಯಾಯಾಧೀಶರು ಮಾಡುವ ಕೆಲಸವೇ ಇಲ್ಲಿ ದೊಡ್ಡದು.

ಹುಸಿ ಹುಯಿಲಿನ ಬಲಿಗಳು

ಈ ಪದವನ್ನು ಎಚ್ಚರವಿಲ್ಲದೆ ಎಸೆದರೆ ಅದು ಕೊಲ್ಲುತ್ತದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆ ಸುತ್ತ ‘ಮಕ್ಕಳ ಕಳ್ಳ’ ಎಂಬ ಕೂಗಿಗೆ ರಾಜಸ್ಥಾನದಿಂದ ಬಂದಿದ್ದ 26ರ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದ ಗೆಳೆಯರ ತಂಡ ಗುಂಪಿನ ಕೈಗೆ ಸಿಕ್ಕಿತು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಅವರ ತಪ್ಪು. ಅನುಮಾನ ವಾಟ್ಸ್‌ಆ್ಯಪ್‌ನಲ್ಲಿ ಮುಂದಿನ ಊರಿಗೆ ಕಾರಿಗಿಂತ ಮೊದಲೇ ತಲುಪಿ, ಜನ ರಸ್ತೆಗೆ ಅಡ್ಡ ಹಾಕಿದರು. ಉರುಳಿಬಿದ್ದ ಕಾರಿನಿಂದ ಎಳೆದು ಹೊಡೆದರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಒಬ್ಬ ಯುವ ಎಂಜಿನಿಯರ್ ಪ್ರಾಣ ಬಿಟ್ಟ. ಸಂದೇಶವನ್ನು ಒಮ್ಮೆಗೆ ಐದು ಜನರಿಗಷ್ಟೇ ದಾಟಿಸುವ ಮಿತಿಯನ್ನು ವಾಟ್ಸ್‌ಆ್ಯಪ್ ಭಾರತದಲ್ಲಿ ತಂದದ್ದು ಆ ತಿಂಗಳಲ್ಲೇ.

ಅಲ್ಲಿ ಯಾವ ಮಗುವೂ ಕಳೆದಿರಲಿಲ್ಲ. ಯಾವ ಮಗುವೂ ಕೂಗಿರಲಿಲ್ಲ. ಚಾಕೊಲೇಟ್ ಪಡೆದ ಮಕ್ಕಳನ್ನು ನಿಲ್ಲಿಸಿ ‘ಏನಾಯ್ತಪ್ಪಾ?’ ಎಂದು ಒಬ್ಬರು ಕೇಳಿದ್ದರೆ ಸಾಕಿತ್ತು.

ಆದ್ದರಿಂದ ಸುದ್ದಿ ಬರೆಯುವವರು, ದೂರು ಬರೆಸುವವರು, ಮೊಬೈಲಿನಲ್ಲಿ ಸಂದೇಶ ದಾಟಿಸುವವರು ಎಲ್ಲರೂ ಈ ಪದವನ್ನು ಅಳೆದು ಬಳಸಬೇಕು. ಗೊತ್ತಿಲ್ಲದಿದ್ದರೆ ‘ನಾಪತ್ತೆ’ ಎನ್ನೋಣ. ವಯಸ್ಕಳೊಬ್ಬಳು ತಾನಾಗಿ ಹೋಗಿದ್ದರೆ ‘ಮನೆ ಬಿಟ್ಟು ಹೋದಳು’ ಎಂದೇ ಬರೆಯೋಣ. ಮಗುವನ್ನು ಆಸೆ ತೋರಿಸಿ ಕರೆದೊಯ್ದಿದ್ದರೆ ‘ಪುಸಲಾಯಿಸಿ’ ಎಂಬುದನ್ನು ಬಿಡದಿರೋಣ, ಅಪಾಯ ಇರುವುದೇ ಅಲ್ಲಿ. ಬಲವಂತವಿದ್ದರೆ ಅಪಹರಣ ಎಂದು ಖಂಡಿತವಾಗಿ ಹೇಳೋಣ. ಮಗು ಕಾಣದಿದ್ದರೆ ಸಂಜೆಯವರೆಗೆ ಕಾಯದೆ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡೋಣ. ಅನುಮಾನ ಬಂದರೆ ಗುಂಪು ಕಟ್ಟದೆ ಠಾಣೆಗೆ ತಿಳಿಸೋಣ. ಯಾರೇ ಪತ್ತೆಯಾಗಿ ಮರಳಿದರೂ, ‘ಯಾರ ಜೊತೆ ಹೋಗಿದ್ದೆ?’ ಎಂದು ಗದರುವ ಮೊದಲು ‘ನಿನಗೇನಾಯಿತು?’ ಎಂದು ಕೇಳೋಣ. ಕಳೆದುಕೊಂಡವರು ಕಟ್ಟಿದ ಪದದಲ್ಲಿ ಒಯ್ಯಲ್ಪಟ್ಟವರ ದನಿಗೂ ಜಾಗ ಸಿಗುವುದು ಆ ಪ್ರಶ್ನೆಯಿಂದಲೇ.